ಪದಚರ್ಚೆ: ‘ಸಮುದಾಯ ಮಾನಸಿಕ ಆರೋಗ್ಯ’ದಲ್ಲಿರುವ ‘ಸಮುದಾಯ’ ಯಾರದು?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಒಂದು ಬೋರ್ಡು ಬರೆಸಬೇಕಾಗಿದೆ. ಅದಕ್ಕೆ ಬೇಕಾದ ಒಂದು ಪದ ನನಗೆ ಸಿಗುತ್ತಿಲ್ಲ. ನಾನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಕೆಲಸ ಮಾಡುವವಳು. ಬಯಲುಸೀಮೆಯ ಒಂದು ತಾಲ್ಲೂಕು ಆಸ್ಪತ್ರೆಗೆ ಪ್ರತಿ ಮಂಗಳವಾರ ಮನೋವೈದ್ಯರ ಜೊತೆ ಹೋಗುತ್ತೇನೆ. ಸರ್ಕಾರ ಈ ಮಂಗಳವಾರದ ಏರ್ಪಾಟಿಗೆ ‘ಮನೋಚೈತನ್ಯ’ ಎಂದು ಹೆಸರಿಟ್ಟಿದೆ. ಜನ ‘ಮಂಗಳವಾರದ ಡಾಕ್ಟ್ರು’ ಎನ್ನುತ್ತಾರೆ. ನಮ್ಮ ಕೋಣೆಯ ಬಾಗಿಲ ಮೇಲಿನ ನೀಲಿ ತಗಡಿನಲ್ಲಿ ಈ ಎರಡೂ ಇಲ್ಲ. ‘ಸಮುದಾಯ ಮಾನಸಿಕ ಆರೋಗ್ಯ ಸೇವೆಗಳು, ಎಲ್ಲಾ ವಯೋಮಾನದವರಿಗೆ’ ಎಂದು ಬಿಳಿ ಅಕ್ಷರದಲ್ಲಿ ಬರೆದಿದೆ.

ಹಿಂದಿನ ತಿಂಗಳು ಒಬ್ಬ ಅಜ್ಜ ಮೊಮ್ಮಗನನ್ನು ಕರೆದುಕೊಂಡು ಬಂದಿದ್ದರು. ಹುಡುಗ ಹತ್ತನೇ ಕ್ಲಾಸು. ಮೂರು ತಿಂಗಳಿಂದ ಸ್ಕೂಲಿಗೆ ಹೋಗದೆ ಒಳಕೋಣೆ ಸೇರಿಬಿಟ್ಟಿದ್ದ, ರಾತ್ರಿಯೆಲ್ಲ ಎದ್ದು ಕೂತಿರುತ್ತಿದ್ದ. ಊರಿನ ಆಶಾ ಕಾರ್ಯಕರ್ತೆ ಹೇಳಿ ಕಳಿಸಿದ್ದರು. ಬೆಳಿಗ್ಗೆ ಒಂಬತ್ತೂವರೆಗೇ ಬಂದವರು ಮಧ್ಯಾಹ್ನ ಒಂದಾದರೂ ಒಳಗೆ ಬರಲಿಲ್ಲ, ಹೊರಗೆ ಹೊಂಗೆಮರದ ಕಟ್ಟೆಯ ಮೇಲೆ ಕೂತೇ ಇದ್ದರು. ಊಟಕ್ಕೆ ಹೊರಟ ನಾನು ನೋಡಿ, “ಯಾರಿಗೆ ಕಾಯ್ತಾ ಇದ್ದೀರಾ ಅಜ್ಜ?” ಎಂದೆ. “ಇವತ್ತು ಯಾವುದೋ ಸಮುದಾಯದೋರ್ದು ಅಂತ ಬರ್ದೈತಲ್ಲವ್ವ, ನಮ್ಮೋರ್ದು ಯಾವ ದಿನ ಅಂತ ಕೇಳಾನ ಅಂತ ಕುಂತಿದ್ದೆ” ಅಂದರು. ಕೇಳೋಣವೆಂದರೆ ಯಾರನ್ನು ಕೇಳುವುದೆಂದು ತಿಳಿಯದೆ ಮೂರೂವರೆ ಗಂಟೆ ಕೂತಿದ್ದರು. ಹುಡುಗ ಪಕ್ಕದಲ್ಲಿ ತಲೆ ಬಗ್ಗಿಸಿಕೊಂಡು ಚಪ್ಪಲಿಯ ಉಂಗುಷ್ಠ ಎಳೆಯುತ್ತಿದ್ದ.

ಅಜ್ಜ ಓದಿದ್ದರಲ್ಲಿ ತಪ್ಪೇನೂ ಇಲ್ಲ. ಅವರ ಊರಿನಲ್ಲೂ ಪಕ್ಕದ ಊರಿನಲ್ಲೂ ಆ ಅಕ್ಷರಗಳನ್ನು ಅವರು ನೋಡಿರುವುದು ಸಮುದಾಯ ಭವನಗಳ ಮೇಲೆ, ಒಂದೊಂದು ಜನಾಂಗಕ್ಕೆ ಒಂದೊಂದು. ಪೇಪರಿನಲ್ಲಿ ‘ಸಮುದಾಯದ ಮುಖಂಡರು ಸಭೆ ಸೇರಿದರು’ ಎಂದರೆ ಯಾವ ಜಾತಿಯೆಂದು ನಾವೂ ಮುಂದಿನ ಸಾಲಿನಲ್ಲಿ ಹುಡುಕುತ್ತೇವೆ. ‘ಜಾತಿ’ ಎಂದು ಬಾಯಿಬಿಟ್ಟು ಹೇಳಲು ಸಂಕೋಚಪಟ್ಟು ಅದರ ಭಾರವನ್ನೆಲ್ಲ ‘ಸಮುದಾಯ’ದ ಮೇಲೆ ಹೊರಿಸಿದ್ದೇವೆ. ಸಂಸ್ಕೃತದಲ್ಲಿ ಒಟ್ಟುಗೂಡಿದ್ದು, ರಾಶಿ ಎಂಬಷ್ಟೇ ಅರ್ಥವಿದ್ದ ಪದ. 1975ರಲ್ಲಿ ಬೆಂಗಳೂರಿನಲ್ಲಿ ರಂಗತಂಡವೊಂದು ‘ಸಮುದಾಯ’ ಎಂಬ ಹೆಸರಿಟ್ಟುಕೊಂಡಾಗ ಕೇಳಿದವರಿಗೆ ಜಾತಿಯ ನೆನಪಾಗುತ್ತಿರಲಿಲ್ಲ, ಜನ ಎಂಬುದೇ ನೆನಪಾಗುತ್ತಿತ್ತು. ಅದೇ ವರ್ಷ ನಿಮ್ಹಾನ್ಸ್‌ನಲ್ಲಿ ಸಮುದಾಯ ಮನೋವೈದ್ಯಕೀಯ ಘಟಕ ಶುರುವಾಯಿತು. ಹಾಗಾಗಿ ಇಂಗ್ಲಿಷಿನ ‘ಕಮ್ಯುನಿಟಿ’ಯನ್ನು ಅನುವಾದಿಸಿದವರು ಆಗ ಬದುಕಿದ್ದ ಪದವನ್ನೇ ತೆಗೆದುಕೊಂಡಿದ್ದಾರೆ, ಅವರನ್ನು ದೂರುವುದು ಸರಿಯಲ್ಲ. ನಂತರದ ವರ್ಷಗಳಲ್ಲಿ ಪದ ಜಾರಿತು, ಬೋರ್ಡು ಮಾತ್ರ ಅಲ್ಲೇ ನಿಂತಿದೆ.

‘ಸಮುದಾಯ ಆರೋಗ್ಯ ಕೇಂದ್ರ’ ಎಂಬ ಹೆಸರು ಎಲ್ಲ ಕಡೆ ಇದೆಯಲ್ಲ, ಅಲ್ಲಿ ಇಲ್ಲದ ತೊಡಕು ಇಲ್ಲೇಕೆ ಎಂದು ನೀವು ಕೇಳಬಹುದು. ಅಲ್ಲಿ ಹೆಸರನ್ನು ಯಾರೂ ಓದಿ ಒಳಗೆ ಹೋಗುವುದಿಲ್ಲ. ಅದು ‘ಗೌರ್ಮೆಂಟ್ ಆಸ್ಪತ್ರೆ’, ಜ್ವರ ಬಂದರೆ ಎಲ್ಲರಿಗೂ ದಾರಿ ಗೊತ್ತು. ಸಮುದಾಯ ಆರೋಗ್ಯ ಅಧಿಕಾರಿಯನ್ನೂ ‘ಸಿಎಚ್‌ಓ ಮೇಡಂ’ ಎಂದೇ ಕರೆಯುತ್ತಾರೆ. ನಮ್ಮ ಬಾಗಿಲಿಗೆ ಬರುವವರು ಹಾಗಲ್ಲ. ಮೊದಲೇ ಹಿಂಜರಿಕೆ. ವಾಪಸು ಹೋಗಲು ಒಂದು ನೆಪ ಸಿಕ್ಕರೆ ಸಾಕು. ಆ ನೆಪವನ್ನು ಬೋರ್ಡೇ ಕೊಡಬಾರದು.

ಪದ ಹುಡುಕುವ ಮೊದಲು ಅದು ಯಾವುದಕ್ಕೆ ಎದುರಾಗಿ ಹುಟ್ಟಿತು ಎಂಬುದನ್ನು ನೋಡಬೇಕು ಅನಿಸಿತು. ಅದು ಹುಟ್ಟಿದ್ದು ಹುಚ್ಚಾಸ್ಪತ್ರೆಯ ಗೋಡೆಗೆ ಎದುರಾಗಿ. ಬೆಂಗಳೂರಿನ ಹಳೆಯ ಹುಚ್ಚಾಸ್ಪತ್ರೆಗೆ 1925ರಲ್ಲಿ ಮೈಸೂರು ಸರ್ಕಾರ ‘ಮೆಂಟಲ್ ಹಾಸ್ಪಿಟಲ್’ ಎಂದು ಹೆಸರು ಬದಲಿಸಿತು. 1954ರಲ್ಲಿ ಅದರ ಜೊತೆಗೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಹೆಸರು ಬದಲಾದ ಹಾಗೆಲ್ಲ ಜನ ಹಳೆಯ ಅರ್ಥವನ್ನು ಹೊಸ ಹೆಸರಿಗೆ ಅಂಟಿಸುತ್ತಾ ಬಂದರು. ‘ಮೆಂಟಲ್’ ಬೈಗುಳವಾಯಿತು. ಬೆಂಗಳೂರಿನಲ್ಲಿ ‘ನಿನ್ನನ್ನ ನಿಮ್ಹಾನ್ಸ್‌ಗೆ ಸೇರಿಸಬೇಕು’ ಎನ್ನುವುದನ್ನೂ, ಉತ್ತರ ಕರ್ನಾಟಕದಲ್ಲಿ (ಅಲ್ಲಿನ ಹಳೆಯ ಮಾನಸಿಕ ಆಸ್ಪತ್ರೆ ಇರುವುದು ಧಾರವಾಡದಲ್ಲಿ) ‘ಧಾರವಾಡಕ್ಕ ಕಳಸಬೇಕು ನಿನ್ನ’ ಎನ್ನುವುದನ್ನೂ ನಾನೇ ಕೇಳಿದ್ದೇನೆ. ಎರಡರಲ್ಲೂ ಕಳಿಸುವ, ಸೇರಿಸುವ ಕ್ರಿಯಾಪದಗಳಿವೆ, ಗಮನಿಸಿ. ಊರಿನಿಂದ ಎತ್ತಿ ದೂರ ಇಡುವುದು ಎಂಬ ಭಾವ ಆ ಕ್ರಿಯಾಪದಗಳಲ್ಲೇ ಇದೆ.

ಅದಕ್ಕೆ ಎದುರಾಗಿ ಬಂದದ್ದು ನಾವು ಮಾಡುವ ಕೆಲಸ. ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ನಿಮ್ಹಾನ್ಸ್‌ನವರು ಹಳ್ಳಿಗಳ ನಡುವೆ ಕೂತು ಚಿಕಿತ್ಸೆ ಕೊಟ್ಟು ನೋಡಿದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಕೆಲವೇ ಔಷಧಿಗಳನ್ನು ಅಲ್ಲೇ ಸಿಗುವಂತೆ ಮಾಡಿದರು. ಮನೆಯವರು ಬೆಂಗಳೂರಿನ ಬಸ್ಸು ಹತ್ತದೆ ತಮ್ಮೂರ ಹತ್ತಿರವೇ ಮಾತ್ರೆ ಪಡೆಯುವ ಹಾಗಾಯಿತು. 1996ರಲ್ಲಿ ಕೆಲವೇ ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ದೇಶಕ್ಕೆಲ್ಲ ಹರಡಿದ ಜಿಲ್ಲಾ ಕಾರ್ಯಕ್ರಮಕ್ಕೆ ಈ ‘ಬಳ್ಳಾರಿ ಮಾದರಿ’ಯೇ ಬುನಾದಿ. ಇಂಥ ಕೆಲಸ ನಮ್ಮ ನೆಲದಲ್ಲೇ ಬೆಳೆದಿರುವಾಗ ಅದಕ್ಕೊಂದು ತಿಳಿಯುವ ಕನ್ನಡ ಹೆಸರು ಇಲ್ಲದಿರುವುದು ನನಗೆ ನಿಜವಾಗಿ ನೋವಿನ ಸಂಗತಿ.

2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಪ್ರಕರಣ ಇದನ್ನೇ ಇನ್ನೂ ಬಿಚ್ಚಿ ಹೇಳುತ್ತದೆ. ಮಕ್ಕಳೂ ವಯಸ್ಸಾದವರೂ ಸೇರಿದಂತೆ ಯಾರೂ ಚಿಕಿತ್ಸೆಗಾಗಿ ದೂರ ಅಲೆಯಬಾರದು, ಅವರು ವಾಸವಿರುವಲ್ಲಿಗೆ ಹತ್ತಿರದಲ್ಲೇ ಸಿಗಬೇಕು, ಮನೆಯವರ ಜೊತೆ ಊರಿನಲ್ಲಿದ್ದೇ ಬಾಳುವ ಹಾಗೆ ಚಿಕಿತ್ಸೆ ಇರಬೇಕು ಎಂಬುದು ಅದರ ಸಾರ. ಇದನ್ನು ಓದಿದ ಮೇಲೆ ನನಗೆ ಹೊಳೆದ ಪದ ‘ಊರು’. ‘ಊರಲ್ಲೇ ಮನಸ್ಸಿನ ಚಿಕಿತ್ಸೆ’ ಎಂದು ಒಂದು ರಟ್ಟಿನ ಮೇಲೆ ಬರೆದು ಎರಡು ಮಂಗಳವಾರ ಬಾಗಿಲಿಗೆ ತೂಗುಹಾಕಿದೆ.

ಎರಡು ಆಕ್ಷೇಪ ಬಂದವು. ಎರಡೂ ಗಟ್ಟಿಯಾದವು. ಮಗಳಿಗೆ ಮಾತ್ರೆ ತೆಗೆದುಕೊಳ್ಳಲು ಬರುವ ಒಬ್ಬ ತಾಯಿ ನನ್ನನ್ನು ಪಕ್ಕಕ್ಕೆ ಕರೆದು, “ಊರು ಅಂತ ಹಾಕ್ಬೇಡಿ ಮೇಡಂ, ಊರಿಗೆ ಗೊತ್ತಾಗಬಾರ್ದು ಅಂತಲೇ ನಾನು ಎರಡು ಬಸ್ಸು ಬದಲಾಯಿಸಿ ಇಲ್ಲಿಗೆ ಬರೋದು” ಅಂದರು. ಕಾಯ್ದೆ ಹತ್ತಿರ ಬರಲಿ ಎನ್ನುತ್ತದೆ, ಈ ತಾಯಿಗೆ ಹತ್ತಿರವೇ ಭಯ. ‘ಊರು’ ಕನ್ನಡದಲ್ಲಿ ಬರೀ ಜಾಗವಲ್ಲ, ಅದಕ್ಕೆ ಕಣ್ಣೂ ಬಾಯಿಯೂ ಇವೆ. ‘ಊರೇನಂದೀತು’, ‘ಊರ ಬಾಯಿಗೆ ಬೀಳಬೇಡ’ ಎಂದೆಲ್ಲ ನಾವೇ ಹೇಳುತ್ತೇವೆ. ಮದುವೆಯಾಗಬೇಕಾದ ಮಗಳಿರುವ ಮನೆಗೆ ಆ ಬಾಯಿ ಎಷ್ಟು ದೊಡ್ಡದೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು ನಮ್ಮದೇ ತಂಡದ ಶುಶ್ರೂಷಾಧಿಕಾರಿ ಹೇಳಿದ್ದು. “ಊರು-ಕೇರಿ ಅಂತ ಜೋಡಿಯಾಗಿ ಹೇಳೋದು ಯಾಕೆ ಅಂತ ಯೋಚನೆ ಮಾಡಿ ಮೇಡಂ. ನಮ್ಮದು ಕೇರಿ. ಊರೊಳಗೆ ಅಂದ್ರೆ ನಮ್ಮಪ್ಪನ ಕಿವಿಗೆ ಬೇರೆ ಥರ ಕೇಳುತ್ತೆ.” ನಾನು ಆ ರಟ್ಟನ್ನು ಅವತ್ತೇ ಇಳಿಸಿದೆ. ‘ಸಮುದಾಯ’ ಬಿಟ್ಟು ಓಡಿದ ನಾನು ಅದೇ ಬೇಲಿಯ ಇನ್ನೊಂದು ಮೂಲೆಗೆ ಬಂದು ನಿಂತಿದ್ದೆ.

ಉಳಿದವುಗಳನ್ನು ಬೇಗ ಹೇಳಿಬಿಡುತ್ತೇನೆ. ‘ನೆರೆಹೊರೆ’ ಚೆಂದದ ಪದ, ಆದರೆ ಆಸ್ಪತ್ರೆಯ ಬಾಗಿಲಿಗೆ ಒಗ್ಗುವುದಿಲ್ಲ. ‘ಜನಮನ’ವನ್ನು ಕವಿಗಳೂ ಸರ್ಕಾರಿ ಜಾಹೀರಾತುಗಳೂ ಸವೆಸಿಬಿಟ್ಟಿವೆ. ‘ಸಾರ್ವಜನಿಕ’ ಪರವಾಗಿಲ್ಲ, ‘ಸಾರ್ವಜನಿಕ ಆಸ್ಪತ್ರೆ’ ಎಂಬ ಬಳಕೆ ಮೊದಲೇ ಇದೆ, ಯಾರು ಬೇಕಾದರೂ ಬರಬಹುದೆಂಬ ಅರ್ಥ ಹೊರಡುತ್ತದೆ. ಆದರೆ ದೂರ ಕಳಿಸುವುದಿಲ್ಲ ಎಂಬ ಭರವಸೆ ಅದರಲ್ಲಿಲ್ಲ. ಈಗ ನನ್ನ ಮನಸ್ಸು ವಾಲಿರುವುದು ‘ಮನೆಯಲ್ಲಿದ್ದುಕೊಂಡೇ’ ಎಂಬುದರ ಕಡೆಗೆ: ‘ಮನಸ್ಸಿನ ತೊಂದರೆಗೆ ಮನೆಯಲ್ಲಿದ್ದುಕೊಂಡೇ ಚಿಕಿತ್ಸೆ’. ‘ಮನೆ’ ‘ಮನಸ್ಸು’ ಎಂಬ ಎರಡು ‘ಮ’ಗಳು ಬಾಯಿಗೂ ಕೂರುತ್ತವೆ. ಆದರೆ ಮನೆಯೇ ಇಲ್ಲದವರು, ಬಸ್‌ಸ್ಟ್ಯಾಂಡಿನಲ್ಲಿ ಮಲಗುವವರು ಕೂಡ ನಮ್ಮಲ್ಲಿಗೆ ಬರುತ್ತಾರೆ. ಈ ಕೊರಗು ನನ್ನನ್ನು ಬಿಟ್ಟಿಲ್ಲ.

ಇನ್ನು ಬೋರ್ಡಿನ ಎರಡನೇ ಸಾಲು. ‘ಎಲ್ಲಾ ವಯೋಮಾನದವರಿಗೆ’ ಎಂಬುದರಿಂದ ಯಾರಿಗೂ ತಮ್ಮನ್ನೇ ಕರೆದಂತೆ ಅನಿಸುವುದಿಲ್ಲ ಎಂಬುದು ನನ್ನ ಅನುಭವ. ಅಷ್ಟಕ್ಕೂ ಕನ್ನಡ ವಯಸ್ಸಿನ ಪ್ರಕಾರವೇ ಮನಸ್ಸಿನ ಕಾಯಿಲೆಗಳಿಗೆ ಹೆಸರಿಟ್ಟುಕೊಂಡು ಬಂದಿದೆ. ಕೂಸು ಬೆಚ್ಚಿ ಬೀಳುತ್ತಿದ್ದರೆ, ಕೈಕಾಲು ಸೆಟೆದರೆ ‘ಬಾಲಗ್ರಹ’. ಹೆರಿಗೆಯಾದವಳು ನಿದ್ದೆಗೆಟ್ಟು ಏನೇನೋ ಮಾತಾಡಿದರೆ ‘ಬಾಣಂತಿ ಸನ್ನಿ’. ಸನ್ನಿಪಾತವೇ ಸವೆದು ‘ಸನ್ನಿ’ ಆಗಿದೆ. ಮುದುಕರಿಗೆ ‘ಅರಳು ಮರಳು’, ಅದರ ಎರಡನೇ ಪಾದದಲ್ಲಿ ಹಳಗನ್ನಡದ ‘ಮರುಳ್’ ಕೂತಿದೆ. ಹದಿಹರೆಯದವರಿಗೆ ಮಾತ್ರ ಇಂಥ ಪದ ನನಗೆ ಸಿಕ್ಕಿಲ್ಲ. ಅವರಿಗೆ ‘ಕೊಬ್ಬು’, ‘ಸೋಮಾರಿತನ’, ‘ಮೊಬೈಲ್ ಹುಚ್ಚು’ ಎಂದು ಹೇಳಿ ಮುಗಿಸುತ್ತೇವೆ. ಆ ಅಜ್ಜನೂ ಮೂರು ತಿಂಗಳು ‘ಮೈಗಳ್ಳ’ ಎಂದೇ ಬೈದಿದ್ದರಂತೆ. ಅದನ್ನು ಹೇಳುವಾಗ ಅವರ ಗಂಟಲು ಕಟ್ಟಿತು.

ಈ ಹಳೆಯ ಪದಗಳನ್ನು ಬೋರ್ಡಿನಲ್ಲಿ, ಕರಪತ್ರದಲ್ಲಿ ಬಳಸಬಹುದೇ ಎಂಬುದು ನನ್ನ ಎರಡನೇ ಪ್ರಶ್ನೆ. ‘ಬಾಣಂತಿ ಸನ್ನಿಗೆ ಇಲ್ಲಿ ಚಿಕಿತ್ಸೆ ಇದೆ’ ಎಂದು ಬರೆದರೆ ಅತ್ತೆಯಾದವಳಿಗೆ ತಟ್ಟನೆ ತಿಳಿಯುತ್ತದೆ. ‘ಪ್ರಸವಾನಂತರದ ಮನೋವಿಕಲತೆ’ ಎಂದರೆ ಡಾಕ್ಟರಿಗೂ ಎರಡು ಸಲ ಓದಬೇಕು. ಸರಿಯಾಗಿ ಚಿಕಿತ್ಸೆಯಾದರೆ ವಾಸಿಯಾಗುವ ಕಾಯಿಲೆ ಅದು. ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಬೇರೆ ಮಾಡದೆ ಒಟ್ಟಿಗೇ ಇರಿಸಿಕೊಂಡು ನೋಡುವ ವಾರ್ಡೇ ಇದೆ. ಹಾಗಾಗಿ ಈ ಪದದ ಪರ ನಾನು ಧೈರ್ಯವಾಗಿ ವಾದಿಸುತ್ತೇನೆ. ‘ಅರಳು ಮರಳು’ ಬಗ್ಗೆ ಆ ಧೈರ್ಯ ಇಲ್ಲ. ಆ ಪದ ಕಾಯಿಲೆಯನ್ನು ಹೇಳುವುದಕ್ಕಿಂತ ಮುಚ್ಚುವುದೇ ಹೆಚ್ಚು. ‘ಅರವತ್ತಕ್ಕೆ ಅರಳು ಮರಳು’ ಎಂದುಬಿಟ್ಟರೆ ಡಾಕ್ಟರ ಹತ್ತಿರ ಹೋಗುವ ಮಾತೇ ಏಳುವುದಿಲ್ಲ, ವಯಸ್ಸಿನ ಲೆಕ್ಕಕ್ಕೆ ಹಾಕಿ ಬಾಗಿಲು ಹಾಕಿಕೊಳ್ಳುತ್ತಾರೆ. ಮರೆವಿನ ಕಾಯಿಲೆ ಇರಲಿ, ಗಂಡ ತೀರಿಕೊಂಡ ಮೇಲೆ ಬಂದ ಖಿನ್ನತೆ ಇರಲಿ, ಎರಡನ್ನೂ ಅದೇ ಗೋಣಿಚೀಲಕ್ಕೆ ತುಂಬುತ್ತಾರೆ. ‘ಮರೆಗುಳಿ ಕಾಯಿಲೆ’ ಎನ್ನುವುದು ವಾಸಿ ಎಂದು ನನ್ನ ಅಭಿಪ್ರಾಯ. ‘ಕಾಯಿಲೆ’ ಎಂಬ ಪದ ಪಕ್ಕದಲ್ಲಿ ಕೂತರೆ ಡಾಕ್ಟರಿಗೂ ಜಾಗವಾಗುತ್ತದೆ.

‘ಆಪ್ತ ಸಮಾಲೋಚನೆ’ ನನಗೆ ಬಹಳ ಇಷ್ಟದ ಪದ. ಆ ‘ಆಪ್ತ’ವನ್ನು ಸೇರಿಸಿದವರ ಕೈಗೆ ನಮಸ್ಕಾರ. ಆದರೆ ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಈ ಪದ ಎಚ್‌ಐವಿ ಪರೀಕ್ಷೆಯ ಕೋಣೆಯ ಮೇಲೆ ಎಷ್ಟೋ ವರ್ಷದಿಂದ ಇದೆ. ಹಾಗಾಗಿ ‘ಆಪ್ತ ಸಮಾಲೋಚಕರನ್ನು ನೋಡಿ’ ಎಂದರೆ ಕೆಲವರ ಮುಖ ಬಿಳಿಚಿಕೊಳ್ಳುತ್ತದೆ. ನಾನು ಈಗ ‘ಕೂತು ಮಾತಾಡೋಣ ಬನ್ನಿ’ ಎಂದಷ್ಟೇ ಹೇಳುತ್ತೇನೆ. ಬೋರ್ಡಿನ ಕೆಳಗೆ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ ಹೇಗೂ ಇರುತ್ತದೆ. ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ‘ಸಹಾಯವಾಣಿ’ಯನ್ನು ಯಾರೂ ಏನೆಂದು ಕೇಳಿದ್ದಿಲ್ಲ. ಅಂಥದೊಂದು ಪದ ನಮ್ಮ ಕೋಣೆಗೂ ಹುಟ್ಟಬೇಕು.

ನಿಮ್ಮಿಂದ ಬೇಕಾದ್ದು ಇಷ್ಟು. ಕರಾವಳಿ, ಕೊಡಗು, ಮಲೆನಾಡು, ಕಲಬುರಗಿ ಬೀದರ್ ಕಡೆಯವರು ನಿಮ್ಮಲ್ಲಿ ‘ಎಲ್ಲರದ್ದೂ, ನಮ್ಮ ಹತ್ತಿರವೇ ಇರುವುದು’ ಎಂಬ ಅರ್ಥಕ್ಕೆ ಜನ ಏನೆನ್ನುತ್ತಾರೆ, ಮನಸ್ಸು ಸರಿಯಿಲ್ಲದಾಗ ಬೈಗುಳವಲ್ಲದ ಯಾವ ಮಾತು ಬಳಸುತ್ತಾರೆ ಎಂದು ಬರೆಯಿರಿ. ನಿಘಂಟಿನಿಂದ ಬೇಡ, ಅಜ್ಜಿಯ ಬಾಯಿಂದ, ಸಂತೆಯಲ್ಲಿ, ಬಸ್ಸಿನಲ್ಲಿ ಕೇಳಿದ್ದಾದರೆ ಒಳ್ಳೆಯದು. ಯಾರು ಯಾರಿಗೆ ಹೇಳಿದ್ದು ಎಂಬುದನ್ನೂ ಸೇರಿಸಿ. ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನಕ್ಕೆ ಹೊಸ ಬೋರ್ಡು ಹಾಕಲು ಒಪ್ಪಿಗೆ ಸಿಕ್ಕಿದೆ. ತಗಡಿನ ಮೇಲೆ ಮೂರು ಸಾಲಿಗಿಂತ ಹೆಚ್ಚು ಹಿಡಿಯದು ಎಂದು ಪೇಂಟರ್ ಹೇಳಿದ್ದಾರೆ, ಅಕ್ಷರ ಅಂಗೈ ಎತ್ತರ ಇರಬೇಕು. ಹಳೆಯ ಬೋರ್ಡಿನ ‘ಸಮುದಾಯ’ದ ಮೇಲೆ ಸದ್ಯಕ್ಕೆ ಬಿಳಿ ಹಾಳೆ ಅಂಟಿಸಿ ‘ಎಲ್ಲರೂ ಬನ್ನಿ’ ಎಂದು ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದೇನೆ. ಆ ಹುಡುಗ ಹೋದ ಮಂಗಳವಾರ ಮೂರನೇ ಸಲ ಬಂದಿದ್ದ. ಅಜ್ಜ ಒಳಗೆ ಬರುವ ಮೊದಲು ನಿಂತು ಅದನ್ನು ಜೋರಾಗಿ ಓದಿದರು.