ಕುದುರೆ ಲದ್ದಿ ಹಾಕುತ್ತಿಲ್ಲ, ಪಕ್ಕೆ ನೋಡಿಕೊಳ್ಳುತ್ತಿದೆ. ಎಣ್ಣೆ ಕುಡಿಸಲಾ?

ಟಾಂಗಾ ಮಾಲೀಕ, ವಿಜಯಪುರ:
ಎಂಟು ವರ್ಷದ ಗಂಡು ಕುದುರೆ. ಮಧ್ಯಾಹ್ನದಿಂದ ಮೇವು ಮುಟ್ಟಿಲ್ಲ. ಮುಂಗಾಲಿನಿಂದ ನೆಲ ಕೆರೆಯುತ್ತಿದೆ. ಬೆಳಿಗ್ಗೆ ಹಾಕಿದ ಲದ್ದಿ ಗಟ್ಟಿ ಉಂಡೆಯಾಗಿತ್ತು. ಹಸಿ ಹುಲ್ಲು ಸಿಗದೆ ಈ ವಾರ ಬರೀ ಜೋಳದ ಕಣಿಕೆ ಹಾಕಿದ್ದೇವೆ. ಮನೆಯ ಹಿರಿಯರು ಗೊಟ್ಟದಲ್ಲಿ (ಬಾಯಿಗೆ ಔಷಧ ಸುರಿಯುವ ಬಿದಿರಿನ ಕೊಳವೆ) ಎಣ್ಣೆ ಹಾಕು ಅನ್ನುತ್ತಿದ್ದಾರೆ.

ಕುದುರೆ ಸಾಕುವವ, ಅಥಣಿ:
ಬೇಡ ಅಣ್ಣಾ, ಗೊಟ್ಟ ಮುಟ್ಟಲೇಬೇಡಿ. ಬಾಯಿಂದ ಹಾಕಿದ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಹೊಟ್ಟೆನೋವಿನಿಂದ ಪಾರಾಗುವ ಕುದುರೆಯೂ ಅದರಿಂದ ಸಾಯಬಹುದು. ಡಾಕ್ಟರ್ ಆದರೆ ಮೂಗಿನಿಂದ ನಳಿಕೆ ಇಳಿಸಿ ನೇರ ಹೊಟ್ಟೆಗೇ ಹಾಕುತ್ತಾರೆ.

ಈಗಲೇ ಪಶುವೈದ್ಯರಿಗೆ ಫೋನ್ ಮಾಡಿ, ಸಿಗದಿದ್ದರೆ ಪಶು ಸಹಾಯವಾಣಿ 1962ಕ್ಕೆ. ಕುದುರೆಗೆ ವಾಂತಿ ಆಗುವುದಿಲ್ಲ, ಒಳಗೆ ಕಟ್ಟಿಕೊಂಡದ್ದು ಮೇಲೆ ಬರಲ್ಲ. ಅದಕ್ಕೇ ಬೆಳಗಿನ ತನಕ ಕಾಯುವುದು ಬೇಡ.

ಅವರು ಬರುವಷ್ಟರಲ್ಲಿ ಮೇವು, ಕಾಳು ಎಲ್ಲ ತೆಗೆದಿಡಿ. ನೀರು ಮುಂದೆ ಇರಲಿ. ದವಡೆಯ ಕೆಳಗಿನ ನಾಡಿ ಹಿಡಿದು ಒಂದು ನಿಮಿಷ ಎಣಿಸಿ. ಸುಮ್ನೆ ನಿಂತ ಕುದುರೆಗೆ 28ರಿಂದ 44 ಸರಿ. 60 ದಾಟಿದರೆ ಫೋನಿನಲ್ಲೇ ಹೇಳಿ. ವಸಡು ಒತ್ತಿ ಬಿಡಿ, ಎರಡು ಸೆಕೆಂಡಿನಲ್ಲಿ ಗುಲಾಬಿ ಬಣ್ಣ ಮರಳಬೇಕು. ಎರಡೂ ಪಕ್ಕೆಗೆ ಕಿವಿ ಇಟ್ಟು ಗುಡುಗುಡು ಸದ್ದು ಇದೆಯಾ ಕೇಳಿ. ಸದ್ದೇ ಇಲ್ಲ ಅಂದರೆ ಜಾಸ್ತಿ ಅಪಾಯ. ಹೊರಳಾಡಲು ಹೋದರೆ ಮೆಲ್ಲಗೆ ನಡೆಸಿ, ಓಡಿಸಬೇಡಿ. ಶಾಂತವಾಗಿ ಮಲಗಿದ್ದರೆ ಹಾಗೇ ಬಿಡಿ. ನೋವಿನ ಇಂಜೆಕ್ಷನ್ ನೀವಾಗಿ ಕೊಡಬೇಡಿ, ನೋವು ಅಡಗಿದರೆ ಡಾಕ್ಟರಿಗೆ ಕಾರಣ ತಿಳಿಯುವುದಿಲ್ಲ.

ಟಾಂಗಾ ಮಾಲೀಕ, ವಿಜಯಪುರ:
ನಾಡಿ 52, ಸದ್ದು ಕಡಿಮೆ ಇತ್ತು. ಡಾಕ್ಟರ್ ಬಂದು ಮೂಗಿನಿಂದ ನಳಿಕೆ ಹಾಕಿದರು. ರಾತ್ರಿ ಲದ್ದಿ ಬಿತ್ತು! ಒಣ ಕಣಿಕೆ, ಕಡಿಮೆ ನೀರು, ಅದೇ ಕಾರಣವಂತೆ. ಮತ್ತೆ ಹೇಗೆ ಮೇಯಿಸಲಿ?

ಕುದುರೆ ಸಾಕುವವ, ಅಥಣಿ:
ಒಳ್ಳೆಯದಾಯ್ತು, ಅಣ್ಣಾ! ಇವತ್ತು ನಾಳೆ ಡಾಕ್ಟರ್ ಹೇಳಿದಷ್ಟೇ ಹಾಕಿ. ಮೇವು ಬದಲಿಸುವಾಗ ಹಳೆಯದರ ಜೊತೆ ಹೊಸದನ್ನು ಬೆರೆಸುತ್ತಾ 7–10 ದಿನ ತೆಗೆದುಕೊಳ್ಳಿ. 300 ಕಿಲೋ ತೂಗುವ ಕುದುರೆಗೆ ದಿನಕ್ಕೆ 5–6 ಕಿಲೋ ಒಣ ಮೇವು ಬೇಕು. ಕಣಿಕೆ ಕತ್ತರಿಸಿ, ನೆನೆಸಿ, ಬೇರೆ ಹುಲ್ಲಿನ ಜೊತೆ ಹಾಕಿ. ಹೊಟ್ಟೆ ಚಿಕ್ಕದು, ಕಡಲೆ ಒಮ್ಮೆಲೇ ಸುರಿಯಬೇಡಿ, ಎರಡು ಮೂರು ಸಲ ಹಂಚಿ. ನಿಮ್ಮೂರ ಬಿಸಿಲಿಗೆ ದುಡಿಯುವ ಕುದುರೆ ದಿನಕ್ಕೆ 40 ಲೀಟರ್ ನೀರು ಕುಡಿದರೂ ಆಶ್ಚರ್ಯವಿಲ್ಲ. ಸ್ಟ್ಯಾಂಡಿನಲ್ಲೂ ಬಕೆಟ್ ಇಡಿ. ಉಪ್ಪಿನ ಗಡ್ಡೆ ನೆಕ್ಕಲಿ. ಅಗಿದ ಮೇವು ಬಾಯಿಂದ ಉಗುಳುತ್ತಿದ್ದರೆ ಹಲ್ಲು ತೋರಿಸಿ.

ಓದುಗ, ಜಮಖಂಡಿ:
ಒಂದು ಮಾತು ಸೇರಿಸುತ್ತೇನೆ. ದನದ ಅಥವಾ ಕೋಳಿಯ ಆಹಾರ ಕುದುರೆಗೆ ಬೇಡ. ಕೆಲವದರಲ್ಲಿ ಮೊನೆನ್ಸಿನ್ ಎಂಬ ಔಷಧ ಬೆರೆಸಿರುತ್ತಾರೆ. ಅದು ಸ್ವಲ್ಪ ಹೋದರೂ ಕುದುರೆಯ ಹೃದಯ ಹಾಳಾಗುತ್ತದೆ.

ಟಾಂಗಾ ಮಾಲೀಕ, ವಿಜಯಪುರ:
ನಮ್ಮ ಎಮ್ಮೆಯ ಆಹಾರದ ಚೀಲ ಅದೇ ಕೊಟ್ಟಿಗೆಯಲ್ಲಿದೆ ರೀ. ಇವತ್ತೇ ಬೇರೆ ಕಡೆ ಇಡುತ್ತೇನೆ.