ಸಿಪಿಸಿಆರ್‌ಐಯಂಥ ಕಡೆ ಸೇರಿದವರು ಬಿಟ್ಟು ಹೋಗುವುದು ಯಾಕೆ ಕಡಿಮೆ?

ಪೆರ್ಲದ ಕೃಷಿಕ:
ಬೀಜ, ಗೊಬ್ಬರದ ಕಂಪನಿಗಳಲ್ಲಿ ಸಂಬಳ ಜಾಸ್ತಿಯಂತೆ. ಆದರೂ ಕಾಸರಗೋಡಿನ ಸಿಪಿಸಿಆರ್‌ಐಯಲ್ಲಿ (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ), ಅದರದೇ ವಿಟ್ಲ ಕೇಂದ್ರದಲ್ಲಿ ಹಿರಿಯ ವಿಜ್ಞಾನಿಗಳು, ಅಧಿಕಾರಿಗಳು ನಿವೃತ್ತಿಯವರೆಗೂ ಇರುತ್ತಾರಲ್ಲ, ಬರೀ ಪಿಂಚಣಿಗೋಸ್ಕರವೋ? ತಿಳಿದವರು ಹೇಳಿ.

ಲೆಕ್ಕದ ಮನುಷ್ಯ:
ಅದು ಸೇರಿದ ತಾರೀಕಿನ ಮೇಲೆ ಹೋಗುತ್ತದೆ. 1-1-2004ಕ್ಕೆ ಮೊದಲು ಸೇರಿದವರಿಗೆ ಹಳೆ ಪಿಂಚಣಿ: ಕೊನೆಯ ಮೂಲವೇತನದ ಅರ್ಧ. ಸುಮ್ಮನೆ ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯೆಲ್ಲ ನಷ್ಟ. ಕೈಗೆ ಪಿಂಚಣಿ ಬರಬೇಕಾದರೆ 20 ವರ್ಷ ತುಂಬಿಸಿ ಸ್ವಯಂ ನಿವೃತ್ತಿ ಪಡೆಯಬೇಕು. ಹದಿನೈದನೇ ವರ್ಷದಲ್ಲಿ ಬಿಟ್ಟು ಹೋಗಲು ಯಾರಿಗೆ ಧೈರ್ಯ ಬರುತ್ತಿತ್ತು? ಮೇಲಧಿಕಾರಿಗಳ ಮೂಲಕ ಅರ್ಜಿ ಹಾಕಿ ಇನ್ನೊಂದು ಸರಕಾರಿ ಹುದ್ದೆಗೆ ಹೋದರೆ ಮಾತ್ರ ಅದು ‘ತಾಂತ್ರಿಕ ರಾಜೀನಾಮೆ’, ಸೇವೆ ಉಳಿಯುತ್ತದೆ.
ಆಮೇಲೆ ಸೇರಿದವರದ್ದು ಎನ್‌ಪಿಎಸ್, ಅಂದರೆ ರಾಷ್ಟ್ರೀಯ ಪಿಂಚಣಿ ಯೋಜನೆ. ನೌಕರ ಶೇ. 10, ಸರಕಾರ ಶೇ. 14 ಹಾಕುತ್ತದೆ, ಕೆಲಸ ಬದಲಿಸಿದರೂ ಖಾತೆ ಜೊತೆಗೇ ಬರುತ್ತದೆ. ಹಾಗಾಗಿ ಇವರನ್ನು ಪಿಂಚಣಿ ಕಟ್ಟಿಹಾಕಿದೆ ಎನ್ನುವುದು ಹಳೆಯ ಕಾಲದ ಮಾತು.

ಹೊಂಬಾಳೆ:
ಕೃಷಿಕರೇ, ಬೆಳೆಯನ್ನೇ ನೋಡಿ. ತೆಂಗಿನ ಸಂಕರ ಮಾಡಲು ತಾಯಿಮರದ ಹೊಂಬಾಳೆ ಬಿಡಿಸಿ ಗಂಡು ಹೂ ತೆಗೆಯಬೇಕು, ಚೀಲ ಕಟ್ಟಬೇಕು, ಹೆಣ್ಣು ಹೂ ಅರಳಿದಾಗ ಪರಾಗ ಹಾಕಬೇಕು. ಕಾಯಿ ಬಲಿಯಲು ಹತ್ತಿರ ಹತ್ತಿರ ಒಂದು ವರ್ಷ, ನರ್ಸರಿಯಲ್ಲಿ ಸುಮಾರು ಇನ್ನೊಂದು. ನೆಟ್ಟ ಮೇಲೆ ಎತ್ತರದ ತಳಿ ಫಲಕ್ಕೆ ಬರಲು 5-7 ವರ್ಷ. ಇಳುವರಿ ಸ್ಥಿರವಾಗಿ, ನಾಲ್ಕಾರು ವರ್ಷದ ಸರಾಸರಿ ಸಿಕ್ಕಬೇಕಾದರೆ ಹದಿನೈದು ದಾಟುತ್ತದೆ. ಕಂಪನಿ ಅಷ್ಟು ಕಾಯುವುದಿಲ್ಲ. ಅವರಿಗೆ ತರಕಾರಿ, ಮೆಕ್ಕೆಜೋಳವೇ ಸರಿ.
ನಮ್ಮ ನೀಲೇಶ್ವರದಲ್ಲಿ 1932ರಲ್ಲೇ ತೆಂಗಿನ ಸಂಕರ ಮಾಡಿದರು. 1916ರಲ್ಲಿ ಶುರುವಾದ ತೆಂಗಿನ ಸಂಶೋಧನೆ ಇಲ್ಲಿ ಇನ್ನೂ ಮುರಿಯದೆ ನಡೆದಿದೆ, ಅದೇ ದೊಡ್ಡದು. ನಡುವೆ ವಿಜ್ಞಾನಿ ಬದಲಾಗಿ ಮರದ ನಂಬರು, ತಂದೆಮರದ ದಾಖಲೆ ತಪ್ಪಿತೆಂದರೆ ಆ ಪ್ಲಾಟಿನ ವಂಶಾವಳಿಯೇ ಹೋಯಿತು. ಆಸಕ್ತಿ ಇದ್ದವರು ಉಳಿಯುವುದು ಬಹುಪಾಲು ಇದಕ್ಕೇ.

ಮಂಜೇಶ್ವರದವ:
ಬಡ್ತಿಯ ವಿಷಯವನ್ನೂ ಸೇರಿಸಿ. ಐಸಿಎಆರ್ (ಭಾರತೀಯ ಕೃಷಿ ಸಂಶೋಧನಾ ಪರಿಷತ್ತು, ಸಿಪಿಸಿಆರ್‌ಐ ಅದರದೇ ಸಂಸ್ಥೆ) ವಿಜ್ಞಾನಿಗೆ ಮೇಲೆ ಜಾಗ ಖಾಲಿಯಾಗುವವರೆಗೆ ಕಾಯಬೇಕಾಗಿಲ್ಲ. ಪಿಎಚ್‌ಡಿ ಇದ್ದರೆ 4 ವರ್ಷಕ್ಕೆ ಮೊದಲ ಮೆಟ್ಟಿಲು, ಮತ್ತೆ 5, ಮತ್ತೆ 3. ಪ್ರಕಟಣೆ, ಯೋಜನೆ, ತರಬೇತಿಗಳ ಅಂಕ ಸಾಲದಿದ್ದರೆ ಮಾತ್ರ ಅಲ್ಲೇ ನಿಲ್ಲುತ್ತದೆ. ನಿವೃತ್ತಿ 62ಕ್ಕೆ. ನಿರ್ದೇಶಕರ ಹುದ್ದೆ ಬೇರೆ ಲೆಕ್ಕ, 5 ವರ್ಷದ ಅವಧಿ.
ಆಡಳಿತಾಧಿಕಾರಿಗಳಿಗೆ ಈ ಭಾಗ್ಯ ಇಲ್ಲ: ನಿವೃತ್ತಿ 60ಕ್ಕೆ, ಬಡ್ತಿ ಖಾಲಿ ಹುದ್ದೆಯ ಮೇಲೆ, ವರ್ಗಾವಣೆ ದೇಶದ ಯಾವ ಮೂಲೆಗೂ. ಊರಲ್ಲೇ ಇರುವ ಆಸೆ ಇದ್ದವರು ಬಡ್ತಿ ಬೇಡವೆಂದು ಬರೆದುಕೊಡುವುದೂ ಉಂಟು.

ಪೆರ್ಲದ ಕೃಷಿಕ:
ಅಂದರೆ ಕೆಲಸ ಮಾಡದವನಿಗೂ ಅದೇ ಭದ್ರತೆಯಾ?

ಮಂಜೇಶ್ವರದವ:
ಹೌದು ಮಾರಾಯ್ರೇ, ಅಂಥವನ ಬಡ್ತಿ ನಿಲ್ಲುತ್ತದೆಯೇ ಹೊರತು ಸಂಬಳ ನಿಲ್ಲುವುದಿಲ್ಲ.