ಮರುಭೂಮಿಯ ಬಿಸಿಲಿನಲ್ಲಿ ಹಳೆಯ ಮನೆಯ ನವೀಕರಣ: ಯಾವ ಕೆಲಸಕ್ಕೆ ಮೊದಲು ಹಣ ಹಾಕಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬೇಸಿಗೆಯ ಹಗಲು 45 ಡಿಗ್ರಿ ಸೆಲ್ಸಿಯಸ್ ದಾಟುವ, ವರ್ಷಕ್ಕೆ ಕೆಲವೇ ದಿನ ಮಳೆ ಕಾಣುವ ಮರುಭೂಮಿ ಪ್ರದೇಶದಲ್ಲಿ ನಮ್ಮದು ಒಂದು ಹಳೆಯ, ಒಂದೇ ಅಂತಸ್ತಿನ ಮನೆ. ಆರ್‌ಸಿಸಿ ತಾರಸಿಯ ಮೇಲೆ ಬರೀ ಸಿಮೆಂಟ್ ಗಾರೆಯಿದೆ. ಮಲಗುವ ಕೋಣೆಯ ಎರಡೂ ಕಿಟಕಿಗಳು ಪಶ್ಚಿಮಕ್ಕಿವೆ. ರಾತ್ರಿ ಹತ್ತು ಗಂಟೆಗೆ ಮಂಚದ ಮೇಲೆ ನಿಂತು ಸೂರಿಗೆ ಅಂಗೈ ಒತ್ತಿದರೆ, ಆಗತಾನೇ ಇಸ್ತ್ರಿ ಮಾಡಿಟ್ಟ ಬಟ್ಟೆಯನ್ನು ಮುಟ್ಟಿದಂತಾಗುತ್ತದೆ. ಹೊರಗೆ ಗಾಳಿ ತಣ್ಣಗಾಗಿದ್ದರೂ ಒಳಗೆ ಎಸಿ ಬೆಳಗಿನ ಜಾವದವರೆಗೆ ನಿಲ್ಲದೆ ಓಡುತ್ತಿರುತ್ತದೆ.

ಈ ವರ್ಷ ಮನೆಯನ್ನು ನವೀಕರಿಸಬೇಕೆಂದು ಹಣ ಕೂಡಿಸಿಟ್ಟಿದ್ದೇವೆ. ಮನೆಯವರೆಲ್ಲ ಸೇರಿ ಬರೆದ ಪಟ್ಟಿಯಲ್ಲಿ ಹೆಚ್ಚು ಸಾಮರ್ಥ್ಯದ ಹೊಸ ಎಸಿ, ಫಾಲ್ಸ್ ಸೀಲಿಂಗ್, ಹೊಸ ಅಡುಗೆಮನೆ, ಅಂಗಳದಲ್ಲಿ ಹುಲ್ಲುಹಾಸು, ಸೂರ್ಯಾಸ್ತ ಕಾಣುವಂತೆ ಪಶ್ಚಿಮದ ಗೋಡೆ ಒಡೆದು ಗಾಜಿನ ಜಾರುಬಾಗಿಲು ಮತ್ತು ತಾರಸಿಯ ದುರಸ್ತಿ ಇವೆ. ಇವುಗಳಲ್ಲಿ ಎರಡು ಅಥವಾ ಮೂರಕ್ಕೆ ಮಾತ್ರ ನಮ್ಮ ಹಣ ಸಾಲುತ್ತದೆ. ಇಂಥ ಹವೆಯಲ್ಲಿ ಬಾಳಿದವರು ಯಾವುದನ್ನು ಮೊದಲು ಹಿಡಿಯಬೇಕೆಂದು ದಯವಿಟ್ಟು ತಿಳಿಸಬೇಕು.

ಉತ್ತರ 1

ನಿಮ್ಮ ಅಂಗೈಗೆ ಹತ್ತಿದ ಬಿಸಿಯೇ ಪ್ರಶ್ನೆಗೆ ಉತ್ತರ ಹೇಳುತ್ತಿದೆ. ಮೊದಲು ತಾರಸಿಯನ್ನು ಹಿಡಿಯಿರಿ. ಬೇಸಿಗೆಯ ನಡುಹಗಲಿನಲ್ಲಿ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲಿರುವುದರಿಂದ ಒಂದಂತಸ್ತಿನ ಮನೆಯಲ್ಲಿ ಎಲ್ಲ ಗೋಡೆಗಳಿಗಿಂತ ಹೆಚ್ಚು ಬಿಸಿಲನ್ನು ತಾರಸಿಯೇ ತಿನ್ನುತ್ತದೆ. ಆ ಶಾಖ ಆರಿಂಚಿನ ಕಾಂಕ್ರೀಟನ್ನು ದಾಟಿ ಒಳಮೈಗೆ ಬರಲು ನಾಲ್ಕೈದು ಗಂಟೆ ಹಿಡಿಯುತ್ತದೆ. ಆದ್ದರಿಂದಲೇ ಮಧ್ಯಾಹ್ನಕ್ಕಿಂತ ರಾತ್ರಿ ನಿಮ್ಮ ಕೋಣೆ ಹೆಚ್ಚು ಬೇಯುತ್ತದೆ.

ಕಡಿಮೆ ಖರ್ಚಿನ ದಾರಿ ಬಿಳಿಯ ಪ್ರತಿಫಲಕ ಲೇಪನ. ಹೊಸದಾಗಿ ಬಳಿದ ಒಳ್ಳೆಯ ಲೇಪನ ಬಿದ್ದ ಬಿಸಿಲಿನಲ್ಲಿ ಸುಮಾರು ಶೇಕಡಾ 80ರಷ್ಟನ್ನು ಹಿಂದಕ್ಕೆ ಕಳುಹಿಸುತ್ತದೆ. ಮಾಸಿದ ಸಿಮೆಂಟ್ ಅದರ ಅರ್ಧದಷ್ಟನ್ನೂ ಕಳುಹಿಸುವುದಿಲ್ಲ. ಆದರೆ ಮರುಭೂಮಿಯ ಧೂಳು ಕೂತಂತೆ ಬಿಳುಪಿನ ಗುಣ ಇಳಿಯುತ್ತದೆ. ಬೇಸಿಗೆಗೆ ಮುಂಚೆ ಒಮ್ಮೆ ಗುಡಿಸಿ ತೊಳೆಯುವುದನ್ನು, ಕೆಲವು ವರ್ಷಗಳಿಗೊಮ್ಮೆ ಮತ್ತೆ ಬಳಿಯುವುದನ್ನು ಲೆಕ್ಕಕ್ಕೆ ಹಿಡಿದೇ ಈ ಕೆಲಸಕ್ಕೆ ಇಳಿಯಬೇಕು.

ಶಾಶ್ವತವಾದ ದಾರಿಯೆಂದರೆ ತಾರಸಿಯ ಮೇಲ್ಭಾಗದಲ್ಲಿ ಶಾಖ ನಿರೋಧಕ ಪದರ ಹಾಕಿಸುವುದು. 50 ಮಿಲಿಮೀಟರ್ ದಪ್ಪದ ಎಕ್ಸ್‌ಪಿಎಸ್ (ಒತ್ತಿ ತಯಾರಿಸಿದ ಗಟ್ಟಿ ಪಾಲಿಸ್ಟೈರೀನ್) ಫೋಮ್ ಹಲಗೆ ತಡೆಯುವಷ್ಟು ಶಾಖವನ್ನು ಕಾಂಕ್ರೀಟಿನಿಂದಲೇ ತಡೆಯಬೇಕಾದರೆ ಎರಡು ಮೀಟರಿಗೂ ಹೆಚ್ಚು ದಪ್ಪದ ಸ್ಲ್ಯಾಬ್ ಬೇಕಾಗುತ್ತದೆ. ಮೊದಲು ಬಿರುಕುಗಳನ್ನು ತುಂಬಿ ವಾಟರ್‌ಪ್ರೂಫಿಂಗ್, ಅದರ ಮೇಲೆ ಫೋಮ್ ಹಲಗೆ, ಮೇಲೆ ಬೇರ್ಪಡಿಸುವ ಬಟ್ಟೆಯ ಹಾಸು, ಕೊನೆಗೆ ತಿಳಿಬಣ್ಣದ ಬಿಲ್ಲೆ. ಈ ಕ್ರಮದಲ್ಲಿ ಮಾಡಿಸಿದರೆ ವಾಟರ್‌ಪ್ರೂಫಿಂಗ್ ಪದರಕ್ಕೂ ಬಿಸಿಲು ತಾಗದೆ ಅದರ ಆಯುಸ್ಸು ಹೆಚ್ಚುತ್ತದೆ. ಮಳೆ ಅಪರೂಪವೆಂದು ನೀರಿನ ಇಳಿಜಾರನ್ನು ಮಾತ್ರ ಕಡೆಗಣಿಸಬೇಡಿ. ಮರುಭೂಮಿಯಲ್ಲಿ ಮಳೆ ಬಂದಾಗ ಒಮ್ಮೆಲೇ ಸುರಿಯುತ್ತದೆ, ಅಷ್ಟರಲ್ಲಿ ತಾರಸಿಯ ನೀರುಕೊಳವೆಯ ಬಾಯಿ ಮರಳಿನಿಂದ ಕಟ್ಟಿಕೊಂಡಿರುತ್ತದೆ.

ನಾನು ಮೊದಲ ಸಲ ತಪ್ಪು ಮಾಡಿದ್ದೆ. ಗುತ್ತಿಗೆದಾರರೊಬ್ಬರ ಮಾತು ಕೇಳಿ ತಾರಸಿಯನ್ನು ಹಾಗೆಯೇ ಬಿಟ್ಟು ಒಳಗೆ ಜಿಪ್ಸಮ್ ಫಾಲ್ಸ್ ಸೀಲಿಂಗ್ ಹಾಕಿಸಿದೆ. ಕಾಂಕ್ರೀಟ್ ಮೊದಲಿನಂತೆಯೇ ಕಾದು, ನಡುವಿನ ಖಾಲಿ ಜಾಗ ಒಲೆಯಂತಾಯಿತು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಹಲಗೆಗಳ ಕೂಡುಗೆರೆಗಳು ಉದ್ದಕ್ಕೂ ಸೀಳಿದವು. ಪದರ ಹೊರಗಿದ್ದರೆ ಸ್ಲ್ಯಾಬ್ ನೆರಳಿನಲ್ಲಿದ್ದಂತೆ. ಆಗ ರಾತ್ರಿ ಕಿಟಕಿ ತೆರೆದಿಟ್ಟು ಒಳಗೆ ಬಿಟ್ಟುಕೊಂಡ ತಂಪನ್ನು ಅದೇ ಕಾಂಕ್ರೀಟ್ ಮರುದಿನ ಮಧ್ಯಾಹ್ನದವರೆಗೆ ಹಿಡಿದಿಟ್ಟುಕೊಳ್ಳುತ್ತದೆ.

ಉತ್ತರ 2

ತಾರಸಿಯ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ. ನನಗೆ ಕಳವಳ ತಂದದ್ದು ಪಶ್ಚಿಮದ ಗಾಜಿನ ಬಾಗಿಲು. ದಯವಿಟ್ಟು ಅದನ್ನು ಪಟ್ಟಿಯಿಂದ ತೆಗೆಯಿರಿ. ಸಂಜೆಯ ಸೂರ್ಯ ತಗ್ಗಿನಲ್ಲಿರುವುದರಿಂದ ಮೇಲಿನ ಸಜ್ಜಾ ಎಷ್ಟು ಅಗಲವಿದ್ದರೂ ಬಿಸಿಲು ಅದರ ಕೆಳಗಿನಿಂದ ನೇರವಾಗಿ ಒಳಗೆ ನುಗ್ಗುತ್ತದೆ, ಅದೂ ದಿನದ ಗಾಳಿ ಅತ್ಯಂತ ಬಿಸಿಯಾಗಿರುವ ಹೊತ್ತಿನಲ್ಲಿ.

ಈಗಿರುವ ಎರಡು ಕಿಟಕಿಗಳಿಗೆ ಹೊರಗಿನಿಂದ ನೆರಳು ಮಾಡಿ. ಒಳಗಿನ ಪರದೆ ಎಷ್ಟೇ ದಪ್ಪವಿರಲಿ, ಗಾಜನ್ನು ದಾಟಿ ಬಂದ ಬಿಸಿಲು ಪರದೆಯನ್ನು ಕಾಯಿಸಿ ಕೋಣೆಯಲ್ಲೇ ಉಳಿಯುತ್ತದೆ. ಹೊರಗಿನ ಅಡ್ಡಪಟ್ಟಿಗಳ ಜಾಲರಿ ಅಥವಾ ಸುತ್ತಿ ಬಿಡುವ ಪರದೆ ಅದೇ ಬಿಸಿಲನ್ನು ಗಾಜಿಗೆ ತಾಗುವ ಮೊದಲೇ ನಿಲ್ಲಿಸುತ್ತದೆ. ಜಾಲರಿ ಮತ್ತು ಗೋಡೆಯ ನಡುವೆ ಒಂದು ಗೇಣು ಜಾಗ ಬಿಟ್ಟರೆ ಕಾದ ಗಾಳಿ ಮೇಲೇರಿ ಹೊರಟುಹೋಗುತ್ತದೆ. ಮರದ ಪಟ್ಟಿಗಳು ಇಂಥ ಬಿಸಿಲಿಗೆ ಬೇಗ ಸೀಳುವುದರಿಂದ ತಿಳಿಬಣ್ಣದ ಅಲ್ಯೂಮಿನಿಯಂ ಮೇಲು.

ದೊಡ್ಡ ಹಣ ಹಾಕುವ ಮುನ್ನ ಒಂದು ಪರೀಕ್ಷೆ ಮಾಡಿ ನೋಡಿ. ತೋಟಗಳಿಗೆ ಕಟ್ಟುವ ದಪ್ಪ ನೆರಳುಬಲೆಯನ್ನು ಒಂದೇ ಕಿಟಕಿಯ ಹೊರಗೆ ವಾರದ ಮಟ್ಟಿಗೆ ಕಟ್ಟಿ, ಸಂಜೆ ಐದಕ್ಕೆ ಎರಡೂ ಕಿಟಕಿಗಳ ಒಳಗಾಜನ್ನು ಮುಟ್ಟಿರಿ. ಮನೆಯವರ ಮನವೊಲಿಸಲು ಬೇರೆ ವಾದವೇ ಬೇಕಾಗುವುದಿಲ್ಲ. ಗಾಜನ್ನು ಬದಲಿಸುವ ದಿನ ಬಂದರೆ ಬಿಸಿಲಿನ ಶಾಖವನ್ನು ಕಡಿಮೆ ಒಳಬಿಡುವ ಲೋ-ಇ (ಶಾಖ ತಡೆಯುವ ತೆಳು ಲೇಪನವಿರುವ) ಜೋಡಿಗಾಜನ್ನು ಕೇಳಿ ಪಡೆಯಿರಿ. ಎಲ್ಲ ಲೋ-ಇ ಗಾಜುಗಳೂ ಬಿಸಿಲನ್ನು ಒಂದೇ ರೀತಿ ತಡೆಯುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಗಾಜಿನ ಬಾಗಿಲಿನ ಆಸೆಯನ್ನು ಬಿಡುವುದು ಮನೆಯವರಿಗೆ ಸ್ವಲ್ಪ ಕಷ್ಟವಾದರೂ ಕಾರಣ ಅರ್ಥವಾಯಿತು. ಹಾಗಾದರೆ ಎಸಿಯನ್ನು ಈಗಲೇ ಬದಲಿಸಬೇಕೆ? ಎಸಿಯ ಬದಲು ದೊಡ್ಡ ಕೂಲರ್ ಸಾಕೆಂದು ಕೆಲವರು ಹೇಳುತ್ತಾರೆ. ಅಂಗಳದ ಬಗ್ಗೆಯೂ ಒಂದು ಮಾತು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 3

ಎಸಿಯನ್ನು ಕೊನೆಗೆ ಇಡಿ. ತಾರಸಿ ಮತ್ತು ಕಿಟಕಿಗಳ ಕೆಲಸ ಮುಗಿದ ಮೇಲೆ ಒಳಗೆ ಬರುವ ಶಾಖವೇ ಕಡಿಮೆಯಾಗಿರುತ್ತದೆ, ಆಗ ಇಂದಿನದಕ್ಕಿಂತ ಚಿಕ್ಕ ಯಂತ್ರವೇ ಸಾಕಾಗಬಹುದು. ಈಗಲೇ ದೊಡ್ಡದನ್ನು ತಂದರೆ ಕೊಳ್ಳುವಾಗಲೂ ಹೆಚ್ಚು ಕೊಟ್ಟಂತೆ. ಮುಂದೆ ಅದು ಪದೇ ಪದೇ ನಿಂತು ಹೊತ್ತಿ ಬೇಗ ಸವೆಯುತ್ತದೆ. ಸದ್ಯಕ್ಕೆ ಹೊರಗಿನ ಘಟಕಕ್ಕೆ, ಗಾಳಿಯಾಟಕ್ಕೆ ಅಡ್ಡವಾಗದಂತೆ ನೆರಳು ಮಾಡಿ, ಧೂಳು ತುಂಬಿದ ಅದರ ಜಾಲರಿಯನ್ನು ತೊಳೆಸಿ. ಬಾಗಿಲುಗಳ ಅಡಿಗೆ ರಬ್ಬರ್ ಪಟ್ಟಿ ಹಾಕಿಸಿದರೆ ಬಿಸಿಗಾಳಿಯ ಜೊತೆಗೆ ಧೂಳೂ ನಿಲ್ಲುತ್ತದೆ.

ಕೂಲರ್ ಬಗ್ಗೆ ಹೇಳುವವರ ಮಾತಿನಲ್ಲಿ ಸತ್ಯವಿದೆ, ಆದರೆ ಅದು ಒಣಹವೆಗೆ ಮಾತ್ರ ಸಲ್ಲುವ ಸತ್ಯ. ಹೊರಗೆ 42 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇಕಡಾ 15 ಇದ್ದಾಗ ಒಳ್ಳೆಯ ಪ್ಯಾಡಿನ ಕೂಲರ್ ಸುಮಾರು 27 ಡಿಗ್ರಿಯ ಗಾಳಿ ಕೊಡಬಲ್ಲದು. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 0.67 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವನ್ನು ಗಾಳಿಯಿಂದ ಸೆಳೆದುಕೊಳ್ಳುವುದೇ ಇದರ ಗುಟ್ಟು. ಗಾಳಿಯಲ್ಲಿ ತೇವ ಏರಿದ ವಾರಗಳಲ್ಲಿ ಅದೇ ಕೂಲರ್ ಕೋಣೆಯನ್ನು ಜಿಗುಟು ಮಾಡುತ್ತದೆ. ಒಳಬಂದ ಗಾಳಿ ಹೊರಹೋಗಲು ಎದುರಿನ ಕಿಟಕಿಯನ್ನು ಸ್ವಲ್ಪ ತೆರೆದಿಡಬೇಕು, ಎಸಿಯ ಜೊತೆಗೆ ಒಂದೇ ಕೋಣೆಯಲ್ಲಿ ಎಂದೂ ಓಡಿಸಬಾರದು. ಗಡಸು ನೀರಾದರೆ ಪ್ಯಾಡಿನ ಮೇಲೆ ಬಿಳಿಯ ಉಪ್ಪು ಗಟ್ಟಿಯಾಗಿ ಕೂರುತ್ತದೆ, ತೊಟ್ಟಿಯ ನೀರನ್ನು ಆಗಾಗ ಖಾಲಿ ಮಾಡಬೇಕಾಗುತ್ತದೆ. ನೀರಿಗೆ ತತ್ವಾರವಿರುವ ಮನೆಗೆ ನಾನು ಇದನ್ನು ಹೇಳುವುದಿಲ್ಲ.

ಉತ್ತರ 4

ಅಂಗಳಕ್ಕೆ ಹುಲ್ಲುಹಾಸು ಬೇಡ. ಈ ಹವೆಯಲ್ಲಿ ಅದು ಎಷ್ಟು ನೀರು ಹೊಯ್ದರೂ ಸಾಲದೆನ್ನುತ್ತದೆ, ಆದರೆ ಒಂದಡಿ ನೆರಳನ್ನೂ ಕೊಡುವುದಿಲ್ಲ. ಅದೇ ನೀರಿನ ಒಂದು ಪಾಲನ್ನು ಹನಿ ಕೊಳವೆಯಲ್ಲಿ ಕೊಟ್ಟು, ಒಣನೆಲಕ್ಕೆ ಒಗ್ಗಿದ ಎರಡು ಮರಗಳನ್ನು ಪಶ್ಚಿಮದ ಗೋಡೆಯಿಂದ ಸಾಕಷ್ಟು ದೂರದಲ್ಲಿ ಬೆಳೆಸಿದರೆ ಕೆಲವು ವರ್ಷಗಳಲ್ಲಿ ಗೋಡೆ, ಕಿಟಕಿ ಎರಡಕ್ಕೂ ನೆರಳಾಗುತ್ತದೆ. ಕಿಟಕಿಯ ಕೆಳಗೆ ಕಲ್ಲು ಅಥವಾ ಸಿಮೆಂಟ್ ಹಾಸಿದ್ದರೆ ಅಷ್ಟನ್ನಾದರೂ ಕೀಳಿಸಿ, ಏಕೆಂದರೆ ಕಾದ ನೆಲದ ಝಳ ನೇರವಾಗಿ ಗಾಜಿಗೆ ಹೊಡೆಯುತ್ತದೆ.

ಉತ್ತರ 1

ಒಂದು ಮಾತು ಬಿಟ್ಟುಹೋಗಿತ್ತು. ತಾರಸಿಯ ಮೇಲೆ ನೀರಿನ ಟ್ಯಾಂಕ್ ಇದ್ದರೆ, ಮುಂದೆ ಸೌರಫಲಕ ಕೂರಿಸುವ ಯೋಚನೆಯಿದ್ದರೆ, ಅವುಗಳ ಕಾಲುಗಳಿಗೆ ಬೇಕಾದ ಕಾಂಕ್ರೀಟ್ ಪೀಠಗಳನ್ನು ಫೋಮ್ ಹಾಸುವ ಮೊದಲೇ ಕಟ್ಟಿಸಿಕೊಳ್ಳಿ. ಕೆಲಸ ಮುಗಿದ ಮೇಲೆ ತೂತು ಕೊರೆದರೆ ವಾಟರ್‌ಪ್ರೂಫಿಂಗ್ ಹರಿದು, ಬಿಲ್ಲೆಗಳನ್ನೆಲ್ಲ ಮತ್ತೆ ಎಬ್ಬಿಸಬೇಕಾಗುತ್ತದೆ. ಅಡುಗೆಮನೆಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ, ಆದರೆ ಒಲೆಯ ಮೇಲಿನ ಬಿಸಿ ಗಾಳಿಯನ್ನು ಹೊರಹಾಕುವ ಫ್ಯಾನನ್ನು ಈಗಲೇ ಹಾಕಿಸಿಬಿಡಿ.